ಹತ್ತು ಸಲ ಹತ್ತಿದ ಮರ

ನಮ್ಮ ಮನೆಯಲ್ಲಿ ಚದುರಂಗಕ್ಕೆ ಮಣೆ ಇರಲಿಲ್ಲ, ಹಾಸು ಇತ್ತು. ಅಜ್ಜಿಯ ಹಳೇ ಕೆಂಪು ಸೀರೆಯ ತುಂಡಿನ ಮೇಲೆ ಕಪ್ಪು ದಾರದಲ್ಲಿ ಅರವತ್ತನಾಲ್ಕು ಮನೆ ಹೊಲಿದಿದ್ದರು. ಪಗಡೆ ಹಾಸಿನ ಜೊತೆ ಅದನ್ನೂ ಸುತ್ತಿ ನಾಗಂದಿಗೆಯ ಮೇಲೆ ಇಟ್ಟಿರುತ್ತಿದ್ದರು. ಇಳಿಸಿ ಬಿಚ್ಚಿದರೆ ಮೊದಲು ನುಸಿಗುಳಿಗೆಯ ವಾಸನೆ, ಅದರ ಹಿಂದೆ ತಾತನ ನಶ್ಯದ ವಾಸನೆ. ಕಾಯಿಗಳು ಚನ್ನಪಟ್ಟಣದ ಅರಗಿನ ಬಣ್ಣದವು, ಒಂದು ಪಕ್ಷ ಕೆಂಪು, ಇನ್ನೊಂದು ಹಸಿರು. ಹಸಿರು ಆನೆಯೊಂದು ನಾನು ಹುಟ್ಟುವ ಮೊದಲೇ ಕಳೆದುಹೋಗಿ ಅದರ ಜಾಗಕ್ಕೆ ಒಂದು ಗೋಟಡಿಕೆ ಬಂದು ಕೂತಿತ್ತು. ಅಡಕೊತ್ತು ಹುಡುಕುತ್ತಾ ಬಂದ ಅಜ್ಜಿ ಎರಡು ಸಲ ನಮ್ಮ ಆನೆಯನ್ನು ಕತ್ತರಿಸಿ ಬಾಯಿಗೆ ಹಾಕಿಕೊಂಡಿದ್ದರು. ಆಟ ನಿಲ್ಲಲಿಲ್ಲ, ತಟ್ಟೆಯಿಂದ ಇನ್ನೊಂದು ಆನೆ ತಂದರು.

ತಾತ ಕಲಿಸಿದ್ದು ನಾಡ ಆಟ. ಕಾಲಾಳಿಗೆ ಮೊದಲ ನಡೆಯಲ್ಲೂ ಒಂದೇ ಮನೆ. ಅದು ಆ ತುದಿ ಮುಟ್ಟಿದರೆ ಯಾವ ಸಾಲಿನಲ್ಲಿ ಮುಟ್ಟಿತೋ ಆ ಸಾಲಿನ ಕಾಯಿ ಆಗುತ್ತಿತ್ತು. ಕುದುರೆ ಸಾಲಾದರೆ ಕುದುರೆ, ಒಂಟೆ ಸಾಲಾದರೆ ಒಂಟೆ. ಶಹ ಬೀಳದ ರಾಜನಿಗೆ ಜೀವಮಾನದಲ್ಲಿ ಒಂದು ಸಲ ಕುದುರೆ ಹಾಗೆ ನೆಗೆಯುವ ಅವಕಾಶವಿತ್ತು. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಇಂಥದ್ದೇ ಆಟ ಕಲಿತು ಬ್ರಿಟನ್ನಿಗೆ ಹೋಗಿ, ಅಲ್ಲಿಯ ನಿಯಮಕ್ಕೆ ಒಗ್ಗಿಕೊಂಡು, 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು ಎಂಬುದು ನನಗೆ ಬಹಳ ತಡವಾಗಿ ಗೊತ್ತಾಯಿತು. ಗೊತ್ತಿದ್ದಿದ್ದರೆ 1968ರಲ್ಲಿ ನನ್ನ ಮಾನ ಸ್ವಲ್ಪ ಉಳಿಯುತ್ತಿತ್ತು.

ಆ ವರ್ಷ ಕಾಲೇಜು ಹಾಸ್ಟೆಲಿಗೆ ಬಂದೆ. ಮೊದಲ ವಾರದಲ್ಲೇ ಒಬ್ಬ ನನ್ನ ಕಣ್ಣೆದುರಿಗೇ ರಾಜನನ್ನು ಎರಡು ಮನೆ ಸರಿಸಿ, ಆನೆಯನ್ನು ಅದರ ತಲೆ ಮೇಲಿಂದ ಹಾರಿಸಿ ಈಚೆ ಇಟ್ಟ. ನಾನು ಅವನ ಕೈ ಹಿಡಿದುಕೊಂಡೆ. ಕಳ್ಳಾಟ ಅಂದೆ. ಅವನು ಕ್ಯಾಸಲಿಂಗ್ ಅಂದ. ನಾನು ಆ ಶಬ್ದವನ್ನೇ ಕೇಳಿರಲಿಲ್ಲ. ಬೈಗುಳ ಅಂತ ತಿಳಿದು ಅವನ ಅಂಗಿಗೆ ಕೈ ಹಾಕಿದೆ. ಮಧ್ಯಸ್ಥಿಕೆಗೆ ಬಂದ ಮೆಸ್ಸಿನ ಭಟ್ಟರು, ‘ಆಟ ಯಾರದ್ದಾದರೂ ಆಗಲಿ, ಹುಳಿ ಆರಿಹೋಗ್ತಿದೆ’ ಅಂದರು. ಅಲ್ಲಿಗೆ ಮುಗಿಯಿತು. ನಾಡ ಆಟವೂ ನನ್ನ ಪಾಲಿಗೆ ಅವತ್ತೇ ಮುಗಿಯಿತು ಅನ್ನಬೇಕು. ಯಾವುದೂ ಸತ್ತಂತೆ ಅನ್ನಿಸಲಿಲ್ಲ. ಗೆಲ್ಲಬೇಕಾದರೆ ಹೊಸದು ಕಲಿಯಬೇಕಿತ್ತು, ಕಲಿತೆ.

1972ರಲ್ಲಿ ಫಿಷರ್ ಮತ್ತು ಸ್ಪಾಸ್ಕಿ ರೇಕ್ಯಾವಿಕ್‌ನಲ್ಲಿ ವಿಶ್ವ ಚಾಂಪಿಯನ್ ಪಟ್ಟಕ್ಕೆ ಕೂತಾಗ ನಾನು ದಿನಾ ಬೆಳಿಗ್ಗೆ ವಾಚನಾಲಯದ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ. ಇಂಗ್ಲಿಷ್ ಪೇಪರಿನ ಮೂಲೆಯಲ್ಲಿ ಅಂದಿನ ಆಟ ಹಳೇ ಬರಹದಲ್ಲಿ, ‘ಪಿ-ಕೆ4’ ಎಂಬ ಥರ, ಅಚ್ಚಾಗುತ್ತಿತ್ತು. ನಕಲು ಮಾಡಿಕೊಂಡು ಬಂದು ಹಾಸು ಹರಡುತ್ತಿದ್ದೆ. ಇಪ್ಪತ್ತೊಂದು ಆಟ ನಕಲು ಮಾಡಿದೆ. ಅದರಲ್ಲಿ ಎರಡನೆಯದಕ್ಕೆ ಬರೆಯಲು ಏನೂ ಇರಲಿಲ್ಲ, ಫಿಷರ್ ಬರಲೇ ಇಲ್ಲ. ಆದರೂ ಒಂದು ಹಾಳೆ ಖಾಲಿ ಬಿಟ್ಟೆ. ನಡೆಗಳು ಗೊತ್ತಾಗುತ್ತಿದ್ದವು, ಯಾಕೆ ಆಡಿದರು ಅನ್ನುವುದು ಗೊತ್ತಾಗುತ್ತಿರಲಿಲ್ಲ. ಅದನ್ನು ಹೇಳುವವರು ಬೇಕಿತ್ತು.

ಅವರು ಸಿಕ್ಕಿದ್ದು 1976ರಲ್ಲಿ, ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನ ಮೇಲೆ, ಟೈಪ್‌ರೈಟಿಂಗ್ ಗೈಡಿಗೂ ಹೋಮಿಯೋಪಥಿಗೂ ನಡುವೆ. ಅಲೆಕ್ಸಾಂಡರ್ ಕೊಟೊವ್ ಬರೆದ ‘ಥಿಂಕ್ ಲೈಕ್ ಎ ಗ್ರಾಂಡ್‌ಮಾಸ್ಟರ್’, 1971ರ ಇಂಗ್ಲಿಷ್ ಅನುವಾದ. ಅಂಗಡಿಯವನು ಇಪ್ಪತ್ತೈದು ರೂಪಾಯಿ ಅಂದ. ನಾನಾಗ ಬ್ಯಾಂಕಿನಲ್ಲಿ ಹೊಸ ಗುಮಾಸ್ತ, ತಿಂಗಳಿಗೆ ನಾನೂರರ ಆಸುಪಾಸು. ಹದಿನೆಂಟಕ್ಕೆ ಇಳಿಸಿದೆ. ಇಳಿಸಿದ ಏಳು ರೂಪಾಯಿಯ ಖುಷಿಗೆ ಮಸಾಲೆ ದೋಸೆ ತಿಂದು ಕಾಫಿ ಕುಡಿದೆ, ಎರಡೂ ಸೇರಿ ಒಂದು ರೂಪಾಯಿ ಚಿಲ್ಲರೆ. ಪುಸ್ತಕದ ಹನ್ನೊಂದನೇ ಪುಟದಲ್ಲಿ ಈಗಲೂ ಚಟ್ನಿಯ ಕಲೆ ಇದೆ.

ಕೊಟೊವ್ ಹುಟ್ಟಿದ್ದು 1913ರಲ್ಲಿ, ತುಲಾ ಎಂಬ ಊರಿನಲ್ಲಿ. ಸಮೋವರಿಗೂ ಬಂದೂಕಿಗೂ ಹೆಸರಾದ ಊರು ಅದು. ಕಸುಬಿನಿಂದ ಎಂಜಿನಿಯರ್. ಮಹಾಯುದ್ಧದ ಕಾಲದಲ್ಲಿ ಮಾರ್ಟರ್ ಫಿರಂಗಿಯ ಕೆಲಸಕ್ಕಾಗಿ ಅವರಿಗೆ ಆರ್ಡರ್ ಆಫ್ ಲೆನಿನ್ ಬಂತು. ಚೆಸ್ಸಿನಲ್ಲಿ ಮಾತ್ರ ಮೇಲೇಳಲು ತಡವಾಯಿತು, ಆ ತಡದ ಕಥೆಯನ್ನೇ ಅವರು ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಮುಂದಿನ ನಡೆಗಳನ್ನು ಲೆಕ್ಕ ಹಾಕುವುದರಲ್ಲಿ ತಾನು ಹಿಂದೆ ಅನ್ನುವುದು ಅವರಿಗೆ ಹೊಳೆಯಿತು. ಸರಿ, ತೊಡಕಿನ ಆಟಗಳನ್ನು ಆರಿಸಿ, ಮುಂದಿನ ನಡೆಗಳನ್ನು ಕಾಗದದಿಂದ ಮುಚ್ಚಿ, ಅರ್ಧ ಗಂಟೆ, ಒಂದು ಗಂಟೆ ಯೋಚಿಸಿ, ಕಂಡದ್ದನ್ನೆಲ್ಲ ಬರೆದು, ಆಮೇಲೆ ಟಿಪ್ಪಣಿಕಾರರು ಬರೆದದ್ದರ ಜೊತೆ ತಾಳೆ ನೋಡಿದರು. ಹೀಗೆ ಸಾಧನೆ ಮಾಡಿ 1939ರಲ್ಲಿ ಮೊದಲ ಸಲ ಸೋವಿಯತ್ ಚಾಂಪಿಯನ್‌ಷಿಪ್ ಆಡಿ, ಕೊನೆಯ ಸುತ್ತಿನವರೆಗೂ ಬೊಟ್ವಿನ್ನಿಕ್ ಜೊತೆ ಸಮಸಮ ಬಂದು, ಆ ಕೊನೆಯ ಆಟವನ್ನು ಅವರಿಗೇ ಸೋತು ಎರಡನೆಯವರಾದರು. 1948ರಲ್ಲಿ ಬ್ರಾನ್‌ಸ್ಟೈನ್ ಜೊತೆ ಪ್ರಶಸ್ತಿ ಹಂಚಿಕೊಂಡರು. 1952ರಲ್ಲಿ ಸ್ವೀಡನ್ನಿನ ಸಾಲ್ಟ್‌ಶೋಬಾಡೆನ್‌ನಲ್ಲಿ ಒಂದೂ ಸೋಲದೆ 20 ಆಟದಲ್ಲಿ ಹದಿನಾರೂವರೆ ಅಂಕ. ಎರಡನೆಯವರಿಗಿಂತ ಮೂರು ಅಂಕ ಮುಂದೆ. ಅಷ್ಟು ದೊಡ್ಡ ಗೆಲುವು ಆಮೇಲೆ ಅವರಿಗೆ ಬರಲಿಲ್ಲ. ಬರೆಯುವ ಕೆಲಸ ಹೆಚ್ಚಾಯಿತು. ನನ್ನ ಲೆಕ್ಕದಲ್ಲಿ ಇದು ಲಾಭವೇ. ಆಡುವವರು ಬಹಳ ಜನ ಇದ್ದರು.

ಅವರ ಎಲ್ಲ ಬರಹವೂ ಒಂದೇ ತೂಕದ್ದಲ್ಲ. ದಸರಾ ವಸ್ತುಪ್ರದರ್ಶನಕ್ಕೆ ಬರುತ್ತಿದ್ದ ರಷ್ಯನ್ ಪುಸ್ತಕದ ಮಳಿಗೆಗಳು ನೆನಪಿವೆಯೇ? ಗಟ್ಟಿ ರಟ್ಟು, ಅಂಟಿನ ವಿಚಿತ್ರ ವಾಸನೆ, ಎರಡು ಮೂರು ರೂಪಾಯಿಗೆ ಇಟ್ಟಿಗೆಯಂಥ ಪುಸ್ತಕ. ಅದೇ ವಾಸನೆಯ ‘ದಿ ಸೋವಿಯತ್ ಸ್ಕೂಲ್ ಆಫ್ ಚೆಸ್’ ಎಂಬ ಹಳೇ ಪ್ರತಿಯೊಂದು ನನ್ನ ಕೈಗೆ ಬಂತು. ಕೊಟೊವ್ ಮತ್ತು ಯುಡೊವಿಚ್ ಸೇರಿ ಬರೆದದ್ದು, 1958ರದು. ಅರ್ಧ ಆಟ, ಅರ್ಧ ಭಾಷಣ. ಸೋವಿಯತ್ ಆಟಗಾರ ಗೆದ್ದರೆ ವ್ಯವಸ್ಥೆಯ ಗೆಲುವು. ಸೋತರೆ ಆ ವಿಷಯ ಬೇಗ ಮುಗಿದುಹೋಗುತ್ತಿತ್ತು. ಇಪ್ಪತ್ತಾರರ ನಾನು ಅದನ್ನು ಓದಿ, ಸಮಾಜವಾದ ಬಂದರೆ ನನ್ನ ಆಟವೂ ಸುಧಾರಿಸುತ್ತದೆ ಎಂದು ಬ್ಯಾಂಕಿನ ಯೂನಿಯನ್ ಸಭೆಯಲ್ಲಿ ಹೇಳಿದ್ದೆ. ಯಾರೂ ನಗಲಿಲ್ಲ, ಅದು ಅಂಥ ಕಾಲ. ಆದರೆ ಅದೇ ಕೊಟೊವ್ ಇನ್ನೊಂದು ಕೆಲಸವನ್ನೂ ಮಾಡಿದರು. ರಷ್ಯಾ ಬಿಟ್ಟುಹೋಗಿ ಪರಕೀಯನಾದ ವಿಶ್ವ ಚಾಂಪಿಯನ್ ಅಲೆಖಿನ್‌ನ ಆಟಗಳನ್ನು ಕೂಡಿಸಿ ಎರಡು ಸಂಪುಟ ಬರೆದರು, ಅವನ ಮೇಲೆ ಕಾದಂಬರಿ ಬರೆದರು. 1980ರಲ್ಲಿ ಅದು ಸಿನಿಮಾ ಕೂಡ ಆಯಿತು. ಭಾಷಣ ಬರೆದ ಕೈಯೇ ಇದನ್ನೂ ಬರೆಯಿತು.

ಈಗ ಮರದ ವಿಷಯ. ಕೊಟೊವ್ ಹೇಳಿದ್ದು ಇಷ್ಟು: ಮೊದಲು ಆಡಬಹುದಾದ ನಡೆಗಳ ಪಟ್ಟಿ ಮಾಡಿಕೋ. ಆಮೇಲೆ ಒಂದೊಂದನ್ನೇ ಹಿಡಿದು ಕೊನೆಯವರೆಗೆ ಲೆಕ್ಕ ಹಾಕು. ಆ ಲೆಕ್ಕ ಒಂದು ಮರ. ಒಂದು ಕೊಂಬೆಗೆ ಒಂದೇ ಸಲ ಹತ್ತಬೇಕು, ಅನುಮಾನ ಬಂತೆಂದು ಮತ್ತೆ ಹತ್ತಬಾರದು. ಕೆಲವು ಸ್ಥಿತಿಯಲ್ಲಿ ಮರಕ್ಕೆ ಕೊಂಬೆಯೇ ಇಲ್ಲ, ಬರೀ ಕಾಂಡ. ಕೆಲವು ಕಡೆ ಪೊದೆ. ನಾನು ಇದನ್ನು ನನ್ನ ಭಾಷೆಗೆ ತಂದುಕೊಂಡೆ: ಅಡಿಕೆ ಮರದ ಸ್ಥಿತಿ, ಆಲದ ಮರದ ಸ್ಥಿತಿ. ನೋಟುಬುಕ್ಕಿನಲ್ಲಿ ಮರ ಬರೆಯಲು ಶುರು ಮಾಡಿದೆ. ಕೌಂಟರಿನಲ್ಲಿ ಕೂತು ಚಲನ್ ಹಿಂದೆಯೂ ಮರ ಬರೆದೆ. ಒಂದು ದಿನ ಮ್ಯಾನೇಜರು ಅದನ್ನು ನೋಡಿ, ‘ವಂಶವೃಕ್ಷಾನೇನ್ರೀ? ಆಸ್ತಿ ಪಾಲು ನಡೀತಿದ್ಯಾ?’ ಎಂದು ಮೆಲ್ಲಗೆ ಕೇಳಿದರು. ಹೌದು ಸಾರ್ ಅಂದೆ. ಅರ್ಧ ದಿನ ರಜೆ ಸಿಕ್ಕಿತು.

ಮರ ಬರೆಯುವುದು ಬಂತು, ಹತ್ತುವುದು ಬರಲಿಲ್ಲ. ಇದನ್ನು ಕಂಡುಹಿಡಿದವರು ಸಾಗರದ ಕಡೆಯ ಒಬ್ಬ ಮೇಷ್ಟ್ರು. ಅವರ ಜೊತೆ 1979ರಿಂದ ಕಾರ್ಡಿನಲ್ಲಿ ಚೆಸ್ ಆಡುತ್ತಿದ್ದೆ. ಹದಿನೈದು ಪೈಸೆಯ ಕಾರ್ಡು, ಒಂದು ಕಾರ್ಡಿಗೆ ಒಂದು ನಡೆ, ಹೋಗಿ ಬರಲು ಹತ್ತು ದಿನ. ಮಳೆಗಾಲದಲ್ಲಿ ಇಪ್ಪತ್ತು. ಅವರ ಕಾರ್ಡಿಗೆ ಹೊಗೆಯ ವಾಸನೆ, ಒದ್ದೆ ಅಡಿಕೆಯ ವಾಸನೆ. ನಡೆ ಬರೆದು ಉಳಿದ ಜಾಗದಲ್ಲಿ ಮಳೆ, ಕೊಳೆರೋಗ, ಧಾರಣೆ. ನಾನು ಪ್ರತಿ ಕಾರ್ಡಿನಲ್ಲೂ ನನ್ನ ಲೆಕ್ಕವನ್ನು ಜಂಬದಿಂದ ಬರೆಯುತ್ತಿದ್ದೆ. ಒಂದು ದಿನ ಅವರ ಉತ್ತರ ಬಂತು: ‘ನಮ್ಮಲ್ಲಿಯ ಕೊನೆಗಾರ ಒಂದು ಮರ ಹತ್ತಿದರೆ ಅಲ್ಲಿಂದಲೇ ಬಗ್ಗಿ ಇನ್ನೊಂದಕ್ಕೆ ದಾಟಿ ಎಂಟು ಹತ್ತು ಮರ ಮುಗಿಸಿ ಇಳಿಯುತ್ತಾನೆ. ತಾವು ಒಂದೇ ಮರವನ್ನು ಹತ್ತು ಸಲ ಹತ್ತಿ ಇಳಿಯುವಂತೆ ಕಾಣುತ್ತದೆ. ಒಂಟೆ ಬಿ-5.’ ಕೊಟೊವ್ ವಿಧಾನಕ್ಕೆ ಆಮೇಲೆ ದೊಡ್ಡ ದೊಡ್ಡವರು ಆಕ್ಷೇಪ ಎತ್ತಿದರು. ಗ್ರಾಂಡ್‌ಮಾಸ್ಟರೂ ಪತ್ರಕರ್ತರೂ ಆದ ಜೊನಾಥನ್ ಟಿಸ್ಡಾಲ್ 1997ರಲ್ಲಿ ಒಂದು ಪುಸ್ತಕದಲ್ಲಿ, ಮನುಷ್ಯರ ತಲೆ ಹೀಗೆ ಕೊಂಬೆಕೊಂಬೆಯಾಗಿ ಶಿಸ್ತಿನಲ್ಲಿ ಓಡುವುದಿಲ್ಲ ಅನ್ನುವ ಮಾತು ಎತ್ತಿದರು. ಸಾಗರದ ಕಾರ್ಡಿನಲ್ಲಿ ಅದು ಹದಿನೇಳು ವರ್ಷ ಮೊದಲೇ ಬಂದಿತ್ತು.

ನನ್ನ ಮದುವೆಯಾದ ಹೊಸತು. ಒಂದು ರಾತ್ರಿ ಕರೆಂಟು ಹೋಗಿ ಲಾಂದ್ರ ಹಚ್ಚಿಟ್ಟು, ನಕಲು ಮಾಡಿ ತಂದಿದ್ದ ಒಂದು ಆಟವನ್ನು ಹಾಸಿನ ಮೇಲೆ ಆಡಿಸುತ್ತಿದ್ದೆ. 1953ರ ಜ್ಯೂರಿಕ್, ಬಿಳಿ ಅವೆರ್ಬಾಕ್, ಕಪ್ಪು ಕೊಟೊವ್. ಮೂವತ್ತನೇ ನಡೆಯಲ್ಲಿ ಕೊಟೊವ್ ತಮ್ಮ ಮಂತ್ರಿಯನ್ನು ತೆಗೆದು ರಾಜನ ಎದುರಿನ ಕಾಲಾಳಿನ ಮೇಲೆ ಇಡುತ್ತಾರೆ. ನನ್ನಾಕೆ ಅಕ್ಕಿ ಆರಿಸುತ್ತಾ ಮೊರದ ಮೇಲಿಂದ ನೋಡಿ, ‘ಮಂತ್ರೀನ ಕೊಟ್ಟು ಕಾಲಾಳು ತಗೊಳ್ಳೋದು ಯಾವ ಸೀಮೆ ವ್ಯಾಪಾರ ಅಂದ್ರೆ?’ ಅಂದಳು. ನಾನು ಉಳಿದದ್ದನ್ನು ಆಡಿಸಿ ತೋರಿಸಿದೆ. ಬಿಳಿ ರಾಜ ತನ್ನ ಮನೆ ಬಿಟ್ಟು ಬೀದಿಗೆ ಬರುತ್ತಾನೆ, ಇಪ್ಪತ್ತು ನಡೆ ಶತ್ರುಗಳ ಮಧ್ಯೆ ಅಲೆಯುತ್ತಾನೆ, 51ನೇ ನಡೆಗೆ ಕೈ ಚೆಲ್ಲುತ್ತಾನೆ. ‘ಪಾಪ, ಆ ಬಿಳೀ ಕಡೆಯವರು ಏನಾದ್ರು?’ ಅಂತ ಕೇಳಿದಳು. ಏನೂ ಆಗಲಿಲ್ಲ, ಮರುವರ್ಷವೇ ಸೋವಿಯತ್ ಚಾಂಪಿಯನ್ ಆದರು ಅಂದೆ. ಅವೆರ್ಬಾಕ್ ಕೂಡ ಬರೆಯುವವರೇ. ಕೊನೆಯಾಟದ ಶಾಸ್ತ್ರವನ್ನು ಅವರಷ್ಟು ಅಚ್ಚುಕಟ್ಟಾಗಿ ಬರೆದವರು ಕಡಿಮೆ. ನಮ್ಮ ಚತುರಂಗದಿಂದ ಹಿಡಿದು ಚೆಸ್ಸಿನ ಚರಿತ್ರೆಯನ್ನೂ ಬರೆದರು. ನೂರು ವರ್ಷ ತುಂಬಿಸಿಕೊಂಡು 2022ರ ಮೇ ತಿಂಗಳಲ್ಲಿ ಹೋದರು. ಆ ಜ್ಯೂರಿಕ್ ಪಂದ್ಯದಲ್ಲಿ ಕೊಟೊವ್ ಕೂಡ ಗೆದ್ದವರಲ್ಲ, 28 ಆಟಕ್ಕೆ 14 ಅಂಕ, ಅಷ್ಟೆ. ಗೆದ್ದವರು ಸ್ಮಿಸ್ಲೋವ್. ಆದರೆ ಸ್ಮಿಸ್ಲೋವ್ ಅಲ್ಲಿ ಸೋತ ಒಂದೇ ಆಟ ಕೊಟೊವ್ ಕೈಯಲ್ಲಿ.

ನಾನು ಆಡಿದ ಪಂದ್ಯಗಳಲ್ಲಿ ಹೇಳಿಕೊಳ್ಳುವಂಥದ್ದು ಒಂದೇ, ಅದೂ ಸೋತದ್ದು. 1980ರಲ್ಲಿ ಬ್ಯಾಂಕುಗಳ ನಡುವಿನ ಪಂದ್ಯ, ಬೆಂಗಳೂರಿನಲ್ಲಿ. ಆಗ ಆಟ ಒಂದೇ ದಿನದಲ್ಲಿ ಮುಗಿಯದಿದ್ದರೆ ಮುಂದೂಡುತ್ತಿದ್ದರು. ಮುಂದಿನ ನಡೆ ಯಾರದೋ ಅವರು ಅದನ್ನು ಆಡದೆ, ಗುಟ್ಟಾಗಿ ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿ ಅಂಟಿಸಿ ಕೊಡಬೇಕು. ನಾನು ಬರೆದುಕೊಟ್ಟು ಮೆಜೆಸ್ಟಿಕ್ ಹತ್ತಿರ ಹನ್ನೆರಡು ರೂಪಾಯಿಯ ಲಾಡ್ಜಿಗೆ ಬಂದು, ತಿಗಣೆ ಹೊಡೆಯುತ್ತಾ ಬೆಳಗಿನ ನಾಲ್ಕರವರೆಗೆ ಮರ ಹತ್ತಿದೆ. ಗೆಲುವು ಕಂಡಿತು. ಹತ್ತು ಸಲ ಹತ್ತಿದರೂ ಗೆಲುವೇ. ಬೆಳಿಗ್ಗೆ ಅಂಪೈರು ಲಕೋಟೆ ಒಡೆದು ಓದಿ, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿ, ‘ಆನೆ ಡಿ-1 ಅಂತ ಬರೆದಿದ್ದೀರಿ. ಯಾವ ಆನೆ?’ ಅಂದರು. ಎರಡು ಆನೆಯೂ ಅಲ್ಲಿಗೆ ಬರಬಹುದಿತ್ತು. ಯಾವುದೆಂದು ಚೀಟಿಯಿಂದ ತಿಳಿಯದಿದ್ದರೆ ಬರೆದವರಿಗೆ ಸೋಲು, ಅದು ನಿಯಮ. ತಾತನ ಕಾಲದ ಹಾಗೆ ಒಂದು ಗೋಟಡಿಕೆ ಆಗಿದ್ದರೆ ಈ ಪಾಡು ಬರುತ್ತಿರಲಿಲ್ಲ. ಆ ಲಕೋಟೆಯ ಪದ್ಧತಿ ಈಗಿಲ್ಲ. ಲಾಡ್ಜಿನಲ್ಲಿ ರಾತ್ರಿಯೆಲ್ಲ ತಲೆ ಕೆಡಿಸಿಕೊಳ್ಳುವ ಕೆಲಸವನ್ನು ಕಂಪ್ಯೂಟರ್ ಕ್ಷಣದಲ್ಲಿ ಮಾಡಲು ತೊಡಗಿದ ಮೇಲೆ ಅದಕ್ಕೆ ಅರ್ಥವೂ ಇರಲಿಲ್ಲ. ಹೋದದ್ದು ಒಳ್ಳೆಯದೇ ಆಯಿತು, ತಿಗಣೆಯ ದೃಷ್ಟಿಯಿಂದಲೂ.

ಕೊಟೊವ್ ಒಂದು ಕಾಯಿಲೆಯನ್ನು ಬಣ್ಣಿಸಿದ್ದಾರೆ. ಲೋಕ ಅದಕ್ಕೆ ಅವರ ಹೆಸರನ್ನೇ ಇಟ್ಟಿದೆ. ಆಟಗಾರ ಎರಡು ನಡೆಗಳ ನಡುವೆ ಅರ್ಧ ಗಂಟೆ ಒದ್ದಾಡುತ್ತಾನೆ. ಇದೂ ಸರಿ ಹೋಗುವುದಿಲ್ಲ, ಅದೂ ಸರಿ ಹೋಗುವುದಿಲ್ಲ. ಗಡಿಯಾರ ನೋಡುತ್ತಾನೆ, ಗಾಬರಿಯಾಗಿ, ಯೋಚನೆಯನ್ನೇ ಮಾಡದ ಮೂರನೆಯದೊಂದನ್ನು ಪಟ್ಟನೆ ಆಡಿ ಕೆಡುತ್ತಾನೆ. ನಾನು ಸ್ಕೂಟರ್ ಕೊಂಡದ್ದು, ಸೈಟು ಬಿಟ್ಟದ್ದು ಎರಡೂ ಹೀಗೆಯೇ. ಜಯನಗರವೋ ಕುವೆಂಪುನಗರವೋ ಎಂದು ಎರಡು ವರ್ಷ ಮರ ಹತ್ತಿ, ಕೊನೆಗೆ ಒಂದು ಭಾನುವಾರ ನೋಡದೆಯೇ ಇನ್ನೆಲ್ಲೋ ಅಡ್ವಾನ್ಸ್ ಕೊಟ್ಟು ಬಂದೆ. ನನ್ನಾಕೆ ಪುಸ್ತಕ ಓದಿರಲಿಲ್ಲ. ಆದರೂ ‘ನಿಮ್ಮ ರಷ್ಯಾದವರ ಥರ ಮಾಡಿಬಿಟ್ರಿ’ ಅಂದಳು.

1981ರ ಬೇಸಿಗೆಯಲ್ಲಿ ಸಾಗರದಿಂದ ಬಂದ ಕಾರ್ಡಿನಲ್ಲಿ ಎರಡೇ ಸಾಲು ಇತ್ತು. ‘ಕೊಟೊವ್ ಜನವರಿಯಲ್ಲೇ ಹೋದರಂತೆ, ಮಾಸ್ಕೋದಲ್ಲಿ. ಕುದುರೆ ಎಫ್-5.’ ನಾನು ಅವತ್ತು ಮೊದಲು ನೋಡಿದ್ದು ಎರಡನೇ ಸಾಲನ್ನು.

ಕೊಟೊವ್ ಅವರ ಇನ್ನೊಂದು ಉಪದೇಶವನ್ನು ನಾನು ಮೂವತ್ತು ವರ್ಷ ಚಾಚೂ ತಪ್ಪದೆ ಪಾಲಿಸಿದೆ: ನಡೆ ನಿರ್ಧಾರವಾದ ಮೇಲೆ ಮೊದಲು ಹಾಳೆಯಲ್ಲಿ ಬರೆ, ಆಮೇಲೆ ಹೊಸಬನ ಕಣ್ಣಿನಿಂದ ಮಣೆಯನ್ನು ಒಮ್ಮೆ ನೋಡು, ಆಮೇಲೆ ಕಾಯಿ ಮುಟ್ಟು. ನಿವೃತ್ತಿ ಹತ್ತಿರವಿದ್ದಾಗ, 2006ರಲ್ಲಿ, ಮೈಸೂರಿನ ಒಂದು ಕಲ್ಯಾಣಮಂಟಪದಲ್ಲಿ ಪಂದ್ಯ ಆಡಲು ಹೋದೆ. ನನ್ನ ಎದುರಾಳಿಗೆ ಹನ್ನೊಂದು ವರ್ಷ, ಕುರ್ಚಿಯ ಮೇಲೆ ಎರಡು ದಿಂಬು. ನಾನು ನಡೆ ಬರೆದು, ಪೆನ್ನು ಕೆಳಗಿಟ್ಟು, ಹೊಸಬನ ಕಣ್ಣಿನಿಂದ ನೋಡುತ್ತಾ ಕೂತೆ. ಹುಡುಗ ಕೈ ಎತ್ತಿದ. ಅಂಪೈರು ಬಂದು, ‘ಅಂಕಲ್, ಮೊದಲು ಆಡಿ, ಆಮೇಲೆ ಬರೀಬೇಕು. ಹೋದ ವರ್ಷದಿಂದ ರೂಲ್ಸ್ ಬದಲಾಗಿದೆ’ ಅಂದರು. 1968ರಲ್ಲಿ ನಾನು ಹಿಡಿದುಕೊಂಡ ಕೈ ನೆನಪಾಯಿತು. ಈ ಸಲ ಕಳ್ಳಾಟ ನನ್ನದಾಗಿತ್ತು. ಇಪ್ಪತ್ತೆಂಟು ನಡೆಯಲ್ಲಿ ಸೋತೆ. ಹುಡುಗ ಕೈ ಕುಲುಕಿ, ಹೊರಗೆ ಹೋಗಿ ಅಮ್ಮನ ಹತ್ತಿರ ಬಿಸ್ಕತ್ತು ಈಸಿಕೊಂಡು ತಿಂದ.

ಆಗ ಕರ್ನಾಟಕಕ್ಕೆ ಒಬ್ಬ ಗ್ರಾಂಡ್‌ಮಾಸ್ಟರೂ ಇರಲಿಲ್ಲ. ಆನಂದ್ 1988ರಲ್ಲೇ ದೇಶಕ್ಕೆ ಮೊದಲಿಗರಾಗಿದ್ದರು. ನಮ್ಮ ರಾಜ್ಯಕ್ಕೆ ಮೊದಲಿಗರಾಗಿ ಮೈಸೂರಿನ ತೇಜಕುಮಾರ್ ಬಂದದ್ದು 2017ರಲ್ಲಿ. ಮೈಸೂರಿಗೆ ಚದುರಂಗ ಹೊಸತೇನೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಕುದುರೆಯನ್ನು ಅರವತ್ತನಾಲ್ಕು ಮನೆಗೂ ಒಂದೊಂದೇ ಸಲ ಓಡಿಸುವ ಬಂಧಗಳ ಹುಚ್ಚು ಇತ್ತು. ಅವರ ಕುದುರೆ ಯಾವ ಮನೆಗೂ ಎರಡನೇ ಸಲ ಹೋಗಲಿಲ್ಲ. ಕೊಟೊವ್ ಮೆಚ್ಚುತ್ತಿದ್ದರು.

ಈಗ ನನ್ನ ಮೊಮ್ಮಗಳು ಆಡುತ್ತಾಳೆ. ಕೋಚ್ ಇರುವುದು ಚೆನ್ನೈಯಲ್ಲಿ, ಪಾಠ ಟ್ಯಾಬಿನಲ್ಲಿ, ಗಂಟೆಗೆ ಆರುನೂರು ರೂಪಾಯಿ. ಅಂದರೆ ಮೂವತ್ತಮೂರು ಕೊಟೊವ್. ಅವಳಿಗೆ ಪುಸ್ತಕ ತೋರಿಸಿದೆ. ‘ಇವರ ರೇಟಿಂಗ್ ಎಷ್ಟು ತಾತ?’ ಅಂದಳು. ಅವರು ಆಡಿ ಗೆದ್ದ ಕಾಲದಲ್ಲಿ ಈಗಿನ ರೇಟಿಂಗೇ ಇರಲಿಲ್ಲ, ಅಂತಾರಾಷ್ಟ್ರೀಯ ಸಂಸ್ಥೆ ಅದನ್ನು ಒಪ್ಪಿಕೊಂಡದ್ದು 1970ರಲ್ಲಿ ಅಂದೆ. ‘ಹಾಗಾದ್ರೆ ಚೆನ್ನಾಗಿ ಆಡ್ತಿದ್ರು ಅಂತ ಹೇಗೆ ಗೊತ್ತು?’ ಅಂದಳು. ಪ್ರಶ್ನೆ ಸರಿಯಾಗಿಯೇ ಇತ್ತು. ಮೇಷ್ಟ್ರ ಜೊತೆ ಎರಡೂವರೆ ವರ್ಷ ಆಡಿ ನಾನು ಸೋತ ಕಾರ್ಡಿನ ಆಟವನ್ನು ಅವಳ ಕೈಗೆ ಕೊಟ್ಟೆ. ಮೂವತ್ತೆಂಟು ಕಾರ್ಡು, ಇನ್ನೂ ಸಣ್ಣಗೆ ಹೊಗೆಯ ವಾಸನೆ ಇದೆ. ಅವಳು ನಡೆಗಳನ್ನು ಟ್ಯಾಬಿಗೆ ಹಾಕಿದಳು. ಹದಿನಾಲ್ಕನೇ ನಡೆಯಲ್ಲೇ ನಾನು ಗೆಲ್ಲಬಹುದಿತ್ತಂತೆ, ಮೂರೇ ನಡೆ. ನಾನೂ ನೋಡಲಿಲ್ಲ, ಮೇಷ್ಟ್ರೂ ನೋಡಲಿಲ್ಲ. ಮೇಷ್ಟ್ರು ಈಗಿಲ್ಲ. ಇದ್ದಿದ್ದರೆ ಒಂದು ಕಾರ್ಡು ಬರೆಯುತ್ತಿದ್ದೆ; ಈಗ ಐವತ್ತು ಪೈಸೆ.

ಮನೆ ಖಾಲಿ ಮಾಡಿ ಮಗನ ಫ್ಲ್ಯಾಟಿಗೆ ಹೋಗುತ್ತಿದ್ದೇವೆ. ಅಲ್ಲಿ ನಾಗಂದಿಗೆ ಇಲ್ಲ. ಹಾಸನ್ನು ಮೊಮ್ಮಗಳು ಗೋಡೆಗೆ ಕಟ್ಟು ಹಾಕಿಸುತ್ತಾಳಂತೆ. ಪುಸ್ತಕ ಅವಳಿಗೆ ಬೇಡ. ನಿಮ್ಮಲ್ಲಿ ಯಾರಿಗಾದರೂ ಬೇಕಿದ್ದರೆ ಕೊಡುತ್ತೇನೆ, ಕೊಂಡ ಬೆಲೆಗೇ, ಹದಿನೆಂಟು ರೂಪಾಯಿ. ಎರಡು ಹಾಳೆ ಇಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದ ಲೆಕ್ಕಗಳನ್ನು ಮಾತ್ರ ನಂಬಬೇಡಿ. ಅವು ಕೊಟೊವ್‌ದಲ್ಲ, ನನ್ನವು.